1902ರ ಕೆಜಿಎಫ್ ಆಕಾಶದಲ್ಲಿ ಹೊಗೆ ಎಷ್ಟಿರ್ಬೇಕು?

ಈಗ ಸ್ಕ್ರೀನ್ ಮೇಲಿರೋದು ಕೆಜಿಎಫ್‌ನಲ್ಲಿ ತೆಗೆದ ಪ್ಲೇಟ್. ಸಿನಿಮಾ ದೃಶ್ಯದಲ್ಲಿ ಈಗ ಇಲ್ಲದ್ದನ್ನ ಚಿತ್ರ ಬರೆದು ಸೇರಿಸೋದು ಮ್ಯಾಟ್ ಪೇಂಟಿಂಗ್. ಅದಕ್ಕೆ ತಳವಾಗಿ ನಿಲ್ಲೋ ಅಸಲಿ ಶಾಟ್‌ಗೆ ಪ್ಲೇಟ್ ಅಂತೀವಿ. ಇದನ್ನ 1902ಕ್ಕೆ ಕರ್ಕೊಂಡು ಹೋಗ್ಬೇಕು.

ಮೊಬೈಲ್ ಟವರ್, ಡಿಶ್, ಬೈಕುಗಳನ್ನ ಅಳಿಸೋದು ಬೇಗ ಮುಗಿಯುತ್ತೆ. ಹಿಂದಿರೋ ಸೈನೈಡ್ ದಿಬ್ಬ ನೋಡಿ, ಕಷ್ಟ ಅಲ್ಲಿದೆ. ಚಿನ್ನ ತೆಗೆದು ಉಳಿದ ಅದಿರಿನ ಪುಡಿ ಸುರಿದು ಸುರಿದು ಬೆಳೆದ ಗುಡ್ಡ ಅದು. ಗಣಿ ಮುಚ್ಚಿದ್ದು 2001ರಲ್ಲಿ. ಅಷ್ಟು ವರ್ಷದ ಪುಡೀನ 1902ರ ದೃಶ್ಯದಲ್ಲಿ ಇಟ್ರೆ ಸುಳ್ಳಾಗುತ್ತೆ. ದಿಬ್ಬದ ಮೇಲಿಂದ ಊರು ಎಷ್ಟೇ ಚೆನ್ನಾಗಿ ಕಂಡ್ರೂ ಕ್ಯಾಮೆರಾ ನೆಲದಲ್ಲೇ ಇಟ್ಟಿದ್ದು ಅದಕ್ಕೇ.

ಇನ್ನು ಹೊಗೆ. ಗಣಿಯ ಯಂತ್ರಗಳು ಮೊದಲು ಹಬೆಯಲ್ಲಿ ಓಡ್ತಿದ್ವು. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಹಾದು ಇಲ್ಲಿಗೆ ಕರೆಂಟ್ ಬಂತು. ಹಾಗಾಗಿ 'ಹಳೇ ಕಾಲದ ಕೆಜಿಎಫ್' ಅಂದ್ರೆ ಸಾಲದು, ಯಾವ ವರ್ಷ ಅಂತ ನಿರ್ದೇಶಕರು ಹೇಳ್ಲೇಬೇಕು. ಹೊಗೆ ಜಾಸ್ತಿ ಇದ್ರೆ ದೂರದ ಕಟ್ಟಡಗಳ ಕಪ್ಪು ತಿಳಿಯಾಗ್ಬೇಕು, ನೆರಳಿನ ಅಂಚು ಮೆತ್ತಗಾಗ್ಬೇಕು. ಬಣ್ಣ ಹಾಕೋರಿಗೆ ಇತಿಹಾಸ ಗೊತ್ತಿರ್ಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಈ ಕಲೆ ಹುಟ್ಟಿದ್ದೂ ಹೋದದ್ದನ್ನ ತೋರಿಸೋಕೆ. 1907ರಲ್ಲಿ ನಾರ್ಮನ್ ಡಾನ್ ಅನ್ನೋ ಅಮೆರಿಕದ ಛಾಯಾಗ್ರಾಹಕ, ಕ್ಯಾಲಿಫೋರ್ನಿಯಾದ ಪಾಳುಬಿದ್ದ ಹಳೇ ಚರ್ಚುಗಳ ಮುಂದೆ ಗಾಜು ನಿಲ್ಲಿಸಿ, ಬಿದ್ದುಹೋದ ಭಾಗಗಳನ್ನ ಗಾಜಿನ ಮೇಲೆ ಬರೆದು, ಅದರ ಮೂಲಕ ಶೂಟ್ ಮಾಡಿದ್ರು. ಆ ಗಾಜಿನ ಕೆಲಸವನ್ನೇ ನಾವೀಗ ಫೋಟೋಶಾಪ್‌ನಲ್ಲಿ ಮಾಡ್ತೀವಿ. ಬರೆದ ಚಿತ್ರವನ್ನ ತ್ರೀಡಿ ಆಕಾರಗಳ ಮೇಲೆ ಪ್ರೊಜೆಕ್ಟ್ ಮಾಡೋದ್ರಿಂದ ಕ್ಯಾಮೆರಾ ಸರಿದಾಗ ಹತ್ತಿರದ್ದು ಬೇಗ, ದೂರದ್ದು ನಿಧಾನ ಸರಿಯುತ್ತೆ.

ನನಗೆ ತುಂಬಾ ಮುಖ್ಯ ಅನ್ಸೋದು ಬಲಗಡೆಯ ಈ ಮೂಲೆ. ಕೆಜಿಎಫ್ ಅಂದ ತಕ್ಷಣ ಎಲ್ಲರೂ ಬ್ರಿಟಿಷರ ಬಂಗಲೆ, ಕ್ಲಬ್ಬು, ಹೂದೋಟ ಬರೀತಾರೆ. ಗಣಿಗಿಳಿದ ಕಾರ್ಮಿಕರು ಇದ್ದಿದ್ದು ಬಿದಿರು ತಟ್ಟಿಯ ಗುಡಿಸಲುಗಳ ಸಾಲಿನಲ್ಲಿ. ಆ ಸಾಲು ಇಲ್ದೆ ಫ್ರೇಮ್ ಎಷ್ಟೇ ಅಂದವಾಗಿದ್ರೂ ನಾನು ಒಪ್ಪಲ್ಲ. ತಟ್ಟಿಯ ಹೆಣಿಗೆ, ಗುಡಿಸಲಿಗೂ ಗುಡಿಸಲಿಗೂ ಇರೋ ಕಿರಿದಾದ ಸಂದು, ಒಲೆ ಹೊಗೆಗೆ ಕಪ್ಪಾದ ಮಾಡು, ಇವನ್ನ ಒಂದೊಂದಾಗಿ ಕೈಯಲ್ಲೇ ಬರೀತಿದ್ದೀನಿ. ಕಾಪಿ-ಪೇಸ್ಟ್ ಮಾಡಿದ್ರೆ ಯಾರೂ ವಾಸ ಇರದ ಮನೆಗಳ ಥರ ಕಾಣುತ್ತೆ.

ಈ ಭಾಗಕ್ಕೆ ನನ್ನ ಹತ್ರ ಇರೋ ಹಳೇ ಫೋಟೋಗಳಲ್ಲಿ ಯಂತ್ರಗಳೇ ಜಾಸ್ತಿ, ಮನೆಗಳು ಕಮ್ಮಿ. ಚಾಂಪಿಯನ್ ರೀಫ್, ಮಾರಿಕುಪ್ಪಂ, ಆಂಡರ್ಸನ್‌ಪೇಟೆ ಕಡೆಯವರು ಯಾರಾದ್ರೂ ನೋಡ್ತಿದ್ರೆ, ತಾತ ಅಜ್ಜಿಯರ ಫೋಟೋದಲ್ಲಿ ಹಿಂದೆ ಗೋಡೆ, ಬೀದಿ, ಬಾವಿ ಏನಾದ್ರೂ ಕಾಣುತ್ತಾ ನೋಡಿ ಕಳಿಸ್ಕೊಡಿ. ಫೋಟೋ ಬೆನ್ನ ಮೇಲೆ ವರ್ಷ ಬರೆದಿದ್ರೆ ಆ ಬದೀನೂ ಸ್ಕ್ಯಾನ್ ಮಾಡಿ.