ಬಾರಿಸದ ತಂತಿಯೂ ಹಾಡುತ್ತದೆ

ನಮಸ್ಕಾರ ಕೇಳುಗರೇ. ನಾನು ದಾವಣಗೆರೆಯಲ್ಲಿ ನಾಟಕದ ಹಾರ್ಮೋನಿಯಂ ಕೇಳಿ ಬೆಳೆದವನು. ಅಲ್ಲಿ ಬೆರಳು ಎತ್ತಿದರೆ ಮುಗಿಯಿತು, ಸ್ವರ ನಿಂತಿತು. ಹಾಗಾಗಿ ಕೀಬೋರ್ಡಿನ ಪೆಡಲ್ ಅಂದರೆ ಸ್ವರ ಉದ್ದ ಮಾಡುವ ಸ್ವಿಚ್ಚು ಅಂತಲೇ ಬಹಳ ದಿನ ಅಂದುಕೊಂಡಿದ್ದೆ.

ನಿಜವಾದ ಪಿಯಾನೊದಲ್ಲಿ ಕತೆಯೇ ಬೇರೆ. 88 ಕೀ, ಸುಮಾರು 230 ತಂತಿ. ಮೇಲಿನ ಕೆಲವು ಸಣ್ಣ ಸ್ವರಗಳನ್ನು ಬಿಟ್ಟರೆ ಉಳಿದೆಲ್ಲ ತಂತಿಗಳ ಮೇಲೆ ಸದ್ದು ತಡೆಯುವ ಮೆತ್ತನೆಯ ಡ್ಯಾಂಪರ್ ಕೂತಿರುತ್ತದೆ. ಪೆಡಲ್ ಒತ್ತಿದರೆ ಅಷ್ಟೂ ಒಟ್ಟಿಗೆ ಮೇಲೇಳುತ್ತವೆ. ಆಗ ಒಂದೇ ಸ್ವರ ಬಾರಿಸಿದರೂ ಅದಕ್ಕೆ ಹೊಂದುವ ಬೇರೆ ತಂತಿಗಳು ತಾವೇ ಮಿಡಿಯುತ್ತವೆ, ಸಿತಾರಿನ ತರಬ್ ತಂತಿಗಳ ಹಾಗೆ.

ಎಲ್ಲಾದರೂ ಪಿಯಾನೊ ಸಿಕ್ಕರೆ, ಪೆಡಲ್ ಮುಟ್ಟದೆ, ನಡುವಿನ ಸಿ ಕೀಯನ್ನು ಸದ್ದಾಗದ ಹಾಗೆ ನಿಧಾನಕ್ಕೆ ಒತ್ತಿ ಹಿಡಿಯಿರಿ. ಒಂದು ಸಪ್ತಕ ಕೆಳಗಿನ ಸಿಯನ್ನು ಜೋರಾಗಿ ಬಾರಿಸಿ ತಕ್ಷಣ ಬಿಡಿ. ಯಾರೂ ಬಾರಿಸದ ಮೇಲಿನ ಸಿ ಸಣ್ಣಗೆ ಹಾಡುತ್ತಿರುತ್ತದೆ!

ಸ್ಯಾಂಪಲ್ ಪಿಯಾನೊದಲ್ಲಿ, ಅಂದರೆ ನಿಜವಾದ ಪಿಯಾನೊದ ರೆಕಾರ್ಡಿಂಗ್‌ಗಳನ್ನೇ ನುಡಿಸುವ ಕೀಬೋರ್ಡ್ ಅಥವಾ ಕಂಪ್ಯೂಟರಿನಲ್ಲಿ, ಇದು ತಾನಾಗಿ ಬರುವುದಿಲ್ಲ, ಯಾಕೆಂದರೆ ಒಂದೊಂದು ಸ್ವರವನ್ನೂ ಬೇರೆ ಬೇರೆ ರೆಕಾರ್ಡ್ ಮಾಡಿರುತ್ತಾರೆ. ಪೆಡಲ್ ಒತ್ತಿಕೊಂಡೇ ಎಲ್ಲ ಸ್ವರಗಳನ್ನು ಇನ್ನೊಂದು ಸಲ ರೆಕಾರ್ಡ್ ಮಾಡುವುದುಂಟು. ಆದರೆ ಸ್ವರ ಬಾರಿಸಿ ಆಮೇಲೆ ಪೆಡಲ್ ಒತ್ತಿದರೆ ಏನು ಮಾಡುವುದು? ಹತ್ತು ಸ್ವರ ಸೇರಿದರೆ ಹತ್ತು ಗುಂಯ್‌ಗುಡಿಕೆ ಒಂದರ ಮೇಲೊಂದು ಬಿದ್ದು ರಾಡಿಯಾಗುತ್ತದೆ.

ನನಗೆ ಹಿಡಿಸಿದ ದಾರಿ ಇದು. ಪೆಡಲ್ ಒತ್ತಿಟ್ಟು, ಪಿಯಾನೊದ ಸೌಂಡ್‌ಬೋರ್ಡನ್ನು, ಅಂದರೆ ತಂತಿಗಳ ಸದ್ದನ್ನು ದೊಡ್ಡದು ಮಾಡುವ ಮರದ ಹಲಗೆಯನ್ನು, ಒಮ್ಮೆ ತಟ್ಟಿ, ಎಲ್ಲ ತಂತಿಗಳೂ ಒಟ್ಟಿಗೆ ಗುನುಗಿ ಆರುವವರೆಗೆ ರೆಕಾರ್ಡ್ ಮಾಡಬೇಕು. ಆಮೇಲೆ ಪೆಡಲ್ ಇಲ್ಲದ ಸ್ವರಗಳನ್ನು ಕನ್ವಲ್ಯೂಷನ್ ಮೂಲಕ, ಅಂದರೆ ಒಂದು ಸದ್ದಿಗೆ ಇನ್ನೊಂದರ ಗುಂಗು ಹಚ್ಚುವ ಕಂಪ್ಯೂಟರ್ ಲೆಕ್ಕದ ಮೂಲಕ, ಆ ಗುನುಗಿನೊಳಗೆ ಹಾಯಿಸಿ, ಮೂಲ ಸ್ವರದ ಕೆಳಗೆ ಸ್ವಲ್ಪವೇ ಬೆರೆಸಬೇಕು. ಸ್ವಲ್ಪವೇ ಅಂದೆ, ಅದೇ ಮುಖ್ಯ. ನಾನು ಮೊದಲ ಸಲ ಜಾಸ್ತಿ ಬೆರೆಸಿದ್ದಕ್ಕೆ ಕಲ್ಯಾಣ ಮಂಟಪದಲ್ಲಿ ಮೈಕ್ ಇಟ್ಟ ಹಾಗೆ ಕೇಳಿಸಿತು. ಸುಮ್ನೆ ರಿವರ್ಬ್, ಅಂದರೆ ಕೋಣೆಯ ಅನುರಣನ, ಹಾಕಿದರೂ ಸಾಲದು. ಕೋಣೆ ಎಲ್ಲ ಸದ್ದನ್ನೂ ಮರಳಿಸುತ್ತದೆ, ತಂತಿ ತನ್ನ ಸ್ವರಕ್ಕೆ ಮಾತ್ರ ಓಗೊಡುತ್ತದೆ.

ಪೆಡಲ್ ಬಿಡುವ ಗಳಿಗೆಯೇ ಹೆಚ್ಚು ಕಷ್ಟ. ಕೀಬೋರ್ಡು, ಕಂಪ್ಯೂಟರುಗಳು ಪರಸ್ಪರ ಸೂಚನೆ ಕಳಿಸುವ ಮಿಡಿ (MIDI) ಭಾಷೆಯಲ್ಲಿ ಪೆಡಲಿನ ಸಂಖ್ಯೆ 64, ಅದರ ಅಳತೆ 0ಯಿಂದ 127. ಅಗ್ಗದ ಪೆಡಲ್‌ಗಳು ಈ ಎರಡು ತುದಿಗಳನ್ನೇ ಕಳಿಸುತ್ತವೆ, ನಡುವೆ ಏನೂ ಇಲ್ಲ. ಅರ್ಧ ಒತ್ತುವುದನ್ನೂ ತಿಳಿಸುವ ಪೆಡಲ್ ಇದ್ದರೆ, ಅದನ್ನು ಎತ್ತಿದಷ್ಟೂ ಗುನುಗನ್ನು ತಗ್ಗಿಸುತ್ತಾ ಹೋಗಬಹುದು. ನಿಜವಾದ ಪಿಯಾನೊದಲ್ಲಿ ದಪ್ಪ ತಂತಿಗಳು ಡ್ಯಾಂಪರ್ ಬಿದ್ದ ತಕ್ಷಣ ಸುಮ್ಮನಾಗುವುದಿಲ್ಲ, ಅದಕ್ಕೇ ನಾನು ಈಗ ಕೆಳಗಿನ ಸ್ವರಗಳ ಗುನುಗನ್ನು ಒಂದು ಚೂರು ತಡವಾಗಿ ಆರಿಸುತ್ತಿದ್ದೇನೆ.