ಹಳೇ ಟೈರ್ ಮತ್ತೆ ಹಾಕಿ ನೋಡಿದ್ರಾ?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿನವರಿಗೆ ಕೇಳ್ತಿದೆಯಾ? ಸರಿ.

ನಿಮ್ಮ ಆಟೋ ಕ್ಲಬ್‌ನ ಹುಡುಗರು ಬಿ.ಎಚ್. ರಸ್ತೆಯ ನಮ್ಮ ಅಂಗಡಿಗೆ ಬಂದು, "ಸರ್, ಮುಂದಿನ ತಿಂಗಳು ಆಟೋಕ್ರಾಸ್ ಸ್ಪರ್ಧೆ ಇಟ್ಟುಕೊಂಡಿದ್ದೀವಿ, ಯಾವ ಟೈರ್ ಒಳ್ಳೇದು ಅಂತ ಬಂದು ಹೇಳಿ" ಅಂದರು. ಟೈರ್ ಮಾರುವವನನ್ನೇ ಕರೆದು ಈ ಪ್ರಶ್ನೆ ಕೇಳಿದ್ದೀರಿ. ಗೋದಾಮಿನಲ್ಲಿ ಯಾವುದು ಜಾಸ್ತಿ ಉಳಿದಿದೆಯೋ ಅದೇ ಒಳ್ಳೆಯದು ಅಂತ ನಾನು ಹೇಳಿದರೆ ಏನು ಮಾಡುತ್ತೀರಿ? ಅದಕ್ಕೇ ಇವತ್ತು ಯಾವ ಟೈರ್ ಅಂತ ಹೇಳುವುದಿಲ್ಲ. ಟೈರನ್ನು ಹೇಗೆ ಪರೀಕ್ಷೆ ಮಾಡಬೇಕು ಅಂತ ಹೇಳುತ್ತೇನೆ. ಆಮೇಲೆ ನನ್ನನ್ನೂ ನಂಬಬೇಕಾಗಿಲ್ಲ.

ಅದಕ್ಕಿಂತ ಮೊದಲು ಇನ್ನೊಂದು ಮಾತು. ಭಾನುವಾರ ಬೆಳಿಗ್ಗೆ ದೇವರಾಯನದುರ್ಗ ಬೆಟ್ಟದ ರಸ್ತೆಯಲ್ಲಿ ಯಾರ್ಯಾರು ಟೈರ್ 'ಟೆಸ್ಟ್' ಮಾಡುತ್ತಾರೆ ಅಂತ ನನಗೆ ಗೊತ್ತು. ಅವರಲ್ಲಿ ಕೆಲವರು ಇಲ್ಲೇ ಕೂತಿದ್ದಾರೆ. ಮುಖ ಕೆಳಗೆ ಹಾಕಬೇಡಿ, ಹೆಸರು ಹೇಳಲ್ಲ. ಆ ತಿರುವುಗಳಲ್ಲಿ ಎದುರಿನಿಂದ ಬಸ್ಸು ಬರುತ್ತದೆ, ದೇವಸ್ಥಾನಕ್ಕೆ ಬಂದ ಸಂಸಾರ ಬರುತ್ತದೆ, ರಸ್ತೆ ಮಧ್ಯೆ ಕೋತಿ ಕೂತಿರುತ್ತದೆ. ಅಪಾಯ ಅಂತ ಪೊಲೀಸರು ಹೇಳುತ್ತಾರೆ. ನಾನು ಇನ್ನೊಂದು ಕಾರಣ ಹೇಳುತ್ತೇನೆ. ಅಲ್ಲಿ ನಿಮಗೆ ಟೈರ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಒಂದು ಸಲ ಬಸ್ಸಿಗೆ ಬ್ರೇಕ್ ಹಾಕಿರುತ್ತೀರಿ, ಇನ್ನೊಂದು ಸಲ ಹಾಕಿರುವುದಿಲ್ಲ. ಇಬ್ಬನಿ ಇದ್ದಾಗ ಒಂದು ಥರ, ಒಣಗಿದ ಮೇಲೆ ಇನ್ನೊಂದು ಥರ. ಅಳೆಯಲಾಗದ ಜಾಗದಲ್ಲಿ ಪ್ರಾಣ ಪಣಕ್ಕಿಟ್ಟು ಏನು ಸಿಕ್ಕಿತು? "ಸಕ್ಕತ್ತಾಗಿ ಹಿಡೀತು ಮಗಾ" ಅನ್ನೋ ಒಂದು ಮಾತು.

ಅದಕ್ಕೇ ಕೋನ್ ಬೇಕು, ಖಾಲಿ ಮೈದಾನ ಬೇಕು, ಗಡಿಯಾರ ಬೇಕು. ಒಂದು ಸಲಕ್ಕೆ ಒಂದೇ ಕಾರು. ಕೋನ್ ಬೀಳಿಸದೆ ಕಡಿಮೆ ಸಮಯದಲ್ಲಿ ಓಡಿಸಿ ಮುಗಿಸಬೇಕು, ಆಟೋಕ್ರಾಸ್ ಅಂದರೆ ಇಷ್ಟೇ.

ಈಗ ಒಬ್ಬ ಹುಡುಗನ ಕಥೆ. ನಮ್ಮ ಗಿರಾಕಿ, ಸ್ವಿಫ್ಟ್ ಇಟ್ಟಿದ್ದಾನೆ. ಕಂಪನಿಯಿಂದ ಬಂದ 185/65 ಆರ್15 ಟೈರ್ ಇತ್ತು. ಅಂದರೆ ಅಗಲ 185 ಮಿಲಿಮೀಟರ್, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 65 ಭಾಗ, ರಿಮ್ 15 ಇಂಚು. ಅದನ್ನು ತೆಗೆದು 195/55 ಆರ್15, ಮೆತ್ತನೆ ರಬ್ಬರಿನ, ಹೊರದೇಶದ ಟೈರ್ ಹಾಕಿಸಬೇಕು ಅಂತ ಬಂದ. ದುಡ್ಡು ಅವನದು, ಹಾಕಿಕೊಟ್ಟೆ. ಮುಂದಿನ ಭಾನುವಾರ ವಸಂತನರಸಾಪುರದ ಕಡೆ ಒಂದು ಗೋದಾಮಿನ ಕಾಂಕ್ರೀಟ್ ಅಂಗಳ. ಯಜಮಾನರನ್ನು ಕೇಳಿ, ಗೇಟ್ ಹಾಕಿಸಿ, ಕೋನ್ ಇಟ್ಟು ಓಡಿಸಿದರು. ನೋಡುವುದಕ್ಕೆ ನಾನೂ ಹೋದೆ. ಹಳೇ ಟೈರುಗಳನ್ನು ಅವನ ಅಪ್ಪನ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದಿದ್ದ. ಬೆಳಿಗ್ಗೆ ಹಳೇ ಟೈರಿನಲ್ಲಿ ಓಡಿಸಿದ. 52.4 ಸೆಕೆಂಡ್. ಜಾಕ್ ಹಾಕಿ, ನಾಲ್ಕೂ ಬಿಚ್ಚಿ, ಹೊಸದು ಹಾಕಿದ. 50.1! ಎರಡು ಸೆಕೆಂಡಿಗಿಂತ ಜಾಸ್ತಿ ಉಳಿತಾಯ. ಆಟೋಕ್ರಾಸ್‌ನಲ್ಲಿ ಎರಡು ಸೆಕೆಂಡ್ ಅಂದರೆ ಏನು ಅಂತ ಗೊತ್ತಲ್ಲ. ಹುಡುಗ ಕುಣಿದ. ಕಾರಿನಿಂದ ಇಳಿಯುವ ಮೊದಲೇ ವಾಟ್ಸಾಪ್ ಸ್ಟೇಟಸ್ ಹಾಕಿದ. ಟೈರಿನ ಫೋಟೋ, ಕೆಳಗೆ ಬೆಂಕಿಯ ಚಿತ್ರ. ಅವನ ಮೂವರು ಗೆಳೆಯರು ನನ್ನ ಕಡೆ ತಿರುಗಿ, "ಸರ್, ನಮಗೂ ಒಂದೊಂದು ಸೆಟ್ ತರಿಸಿ" ಅಂದರು.

ವ್ಯಾಪಾರಿಯಾಗಿ ನಾನು ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಆಗಲಿಲ್ಲ. "ತಮ್ಮಾ, ಹಳೇ ಟೈರ್ ಮತ್ತೆ ಹಾಕಿ ಓಡಿಸು" ಅಂದೆ. "ಯಾಕೆ ಅಂಕಲ್, ಗೊತ್ತಾಯ್ತಲ್ಲ" ಅಂದ. ಬಿಸಿಲು ಏರಿತ್ತು. ನಟ್ಟು ಮುಟ್ಟಿದರೆ ಕೈ ಸುಡುತ್ತಿತ್ತು. ಗೊಣಗುತ್ತಲೇ ಹಾಕಿದ. ಓಡಿಸಿದ. 50.4.

ಬೆಳಿಗ್ಗೆ 52.4 ಬಂದಿದ್ದ ಅದೇ ಟೈರ್! ಮತ್ತೊಮ್ಮೆ ಹೊಸದು ಹಾಕಿಸಿದೆ. 50.0. ಅಂದರೆ ಆ ಟೈರ್ ಕೊಟ್ಟಿದ್ದು 0.4 ಸೆಕೆಂಡ್. ಉಳಿದ ಎರಡು ಸೆಕೆಂಡ್ ಎಲ್ಲಿಂದ ಬಂತು? ಬೆಳಿಗ್ಗೆ ಕಾಂಕ್ರೀಟ್ ಮೇಲೆ ಧೂಳು ಹಾಸಿತ್ತು. ಕಾರುಗಳು ಓಡಿ ಓಡಿ ದಾರಿ ಸ್ವಚ್ಛವಾಯಿತು. ನೆಲ ಬಿಸಿಯಾಯಿತು. ಎಲ್ಲಕ್ಕಿಂತ ದೊಡ್ಡದು, ಹುಡುಗನಿಗೆ ದಾರಿ ಬಾಯಿಪಾಠ ಆಯಿತು. ಮೂರನೇ ಕೋನ್ ಹತ್ತಿರ ಬೇಗ ಬ್ರೇಕ್ ಹಾಕುತ್ತಿದ್ದವನು ಆಮೇಲೆ ಹಾಕುವುದನ್ನೇ ಬಿಟ್ಟ. ಆ ಹೆಸರೆಲ್ಲ ಟೈರಿಗೆ ಹೋಗಿತ್ತು.

ಆ 0.4ರಲ್ಲೂ ಪೂರ್ತಿ ರಬ್ಬರಿನದಲ್ಲ. ಲೆಕ್ಕ ಹಾಕಿ ನೋಡಿ, ನೀವು ಎಂಜಿನಿಯರಿಂಗ್ ಓದುವವರು. 185/65 ಆರ್15ರ ವ್ಯಾಸ ಸುಮಾರು 621 ಮಿಲಿಮೀಟರ್. 195/55 ಆರ್15 ಸುಮಾರು 595. ನೂರಕ್ಕೆ ನಾಲ್ಕರಷ್ಟು ಚಿಕ್ಕ ಚಕ್ರ. ಅಂದರೆ ಗೇರ್ ಬದಲಿಸಿದ ಹಾಗೇ. ಕಾರು ತಿರುವಿನಿಂದ ಹೊರಗೆ ಚುರುಕಾಗಿ ಎಳೆಯುತ್ತದೆ. ಒಂದೇ ಸಲಕ್ಕೆ ಅಗಲ, ಎತ್ತರ, ರಬ್ಬರು ಮೂರನ್ನೂ ಬದಲಿಸಿ "ಟೈರ್ ಸೂಪರ್" ಅಂದರೆ ಯಾವುದು ಸೂಪರ್? ಹಾಗಂತ ಟೈರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. 0.4 ಸಣ್ಣದಲ್ಲ, ಸ್ಪರ್ಧೆ ಗೆಲ್ಲುವಷ್ಟಿದೆ. ಆದರೆ ಅದು 0.4 ಅಂತ ತಿಳಿದು ದುಡ್ಡು ಕೊಡಿ, 2.3 ಅಂದುಕೊಂಡು ಕೊಡಬೇಡಿ. ಅವನ ಗೆಳೆಯರಲ್ಲಿ ಒಬ್ಬ ಮಾತ್ರ ತರಿಸಿಕೊಂಡ. ಎರಡು ಸೆಟ್ಟಿನ ವ್ಯಾಪಾರ ನನ್ನ ಬಾಯಿಂದಲೇ ಹೋಯಿತು. ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ.

ಪರೀಕ್ಷೆ ಅಂದರೆ ಇಷ್ಟೇ. ಹಳೆಯದು, ಹೊಸದು, ಮತ್ತೆ ಹಳೆಯದು. ಸಮಯ ಇಳಿಯುವುದು ನಿಲ್ಲುವ ತನಕ ಮೊದಲ ಓಟಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಓಡಿಸುವವನಿಗೆ ಸಮಯ ಹೇಳಬೇಡಿ, ಎಲ್ಲ ಮುಗಿದ ಮೇಲೆ ಹೇಳಿ. ಕೋನ್ ಬಿದ್ದ ಓಟವನ್ನು ಬೇರೆ ಬರೆದಿಡಿ. ಅಮೆರಿಕದಲ್ಲಿ ಇಂಥ ಕಾರು ಸ್ಪರ್ಧೆ ನಡೆಸುವ ಎಸ್‌ಸಿಸಿಎ ಸಂಸ್ಥೆಯ ನಿಯಮದಲ್ಲಿ ಒಂದು ಕೋನ್ ಬಿದ್ದರೆ ಎರಡು ಸೆಕೆಂಡ್ ದಂಡ. ನಿಮ್ಮ ಸ್ಪರ್ಧೆಯ ದಂಡ ಎಷ್ಟು ಅಂತ ನಿಯಮದ ಹಾಳೆ ನೋಡಿಕೊಳ್ಳಿ. ಟೈರಿಗೆ ಸಾವಿರಾರು ರೂಪಾಯಿ ಸುರಿದು ಉಳಿಸಿದ ಸಮಯ ಒಂದು ಪ್ಲಾಸ್ಟಿಕ್ ಕೋನಿಗೆ ಹೋಗುತ್ತದೆ.

ಇನ್ನು ಟೈರ್ ಮೇಲಿನ ಬರಹ. ತುಂಬಾ ಜನ ಕೊನೆಯ ಅಕ್ಷರ ನೋಡಿ ಕೊಳ್ಳುತ್ತಾರೆ. 88ಎಚ್ ಅಂದರೆ ಒಂದು ಟೈರ್ 560 ಕೆ.ಜಿ. ಹೊರುತ್ತದೆ, ಗಂಟೆಗೆ 210 ಕಿ.ಮೀ. ವೇಗ ತಡೆಯುತ್ತದೆ. 'ವಿ' ಅಂದರೆ 240. ಅದು ವೇಗ ತಡೆಯುವ ಮಾತು, ಹಿಡಿತದ ಮಾತಲ್ಲ. ನಿಮ್ಮ ಕೋನ್‌ಗಳ ನಡುವೆ 80 ದಾಟಿದರೆ ದೊಡ್ಡದು. ಅದರ ಬದಲು ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆಯ ಮೇಲೆ ನಾಲ್ಕು ಅಂಕಿ ಹುಡುಕಿ. 2324 ಅಂತಿದ್ದರೆ 2024ರ 23ನೇ ವಾರ ತಯಾರಾದದ್ದು. ರಬ್ಬರು ಸುಮ್ನೆ ಇಟ್ಟರೂ ಗಟ್ಟಿಯಾಗುತ್ತದೆ. ಐದಾರು ವರ್ಷ ಕೂತಿದ್ದ 'ಹೊಚ್ಚ ಹೊಸ' ಸ್ಪೋರ್ಟ್ಸ್ ಟೈರನ್ನು ಅರ್ಧ ಬೆಲೆಗೆ ಕೊಡುತ್ತೇನೆ ಅಂದರೆ, ನಾನು ಹೇಳಿದರೂ ತಗೋಬೇಡಿ.

ಟ್ರೆಡ್‌ವೇರ್ ಅಂತ, ಟೈರ್ ಎಷ್ಟು ನಿಧಾನ ಸವೆಯುತ್ತದೆ ಅಂತ ಹೇಳುವ ಇನ್ನೊಂದು ಅಂಕಿ ಇರುತ್ತದೆ. 200, 300, 400 ಹೀಗೆ. ಇದು ಅಮೆರಿಕ ಸರ್ಕಾರದ ಪದ್ಧತಿ. ಟೆಕ್ಸಾಸ್‌ನ ಸ್ಯಾನ್ ಏಂಜೆಲೊ ಊರಿನ ಸುತ್ತ ಸುಮಾರು 640 ಕಿ.ಮೀ. ದಾರಿಯಲ್ಲಿ ಕಾರುಗಳನ್ನು ಸಾಲಾಗಿ ಓಡಿಸಿ, ಒಟ್ಟು ಸುಮಾರು 11,600 ಕಿ.ಮೀ. ಆದ ಮೇಲೆ ಸವೆತ ಅಳೆಯುತ್ತಾರೆ. ಜೊತೆಗೆ ಓಡುವ ಮಾದರಿ ಟೈರ್ 100 ಅಂತ ಲೆಕ್ಕ. 200 ಅಂದರೆ ಅದರ ಎರಡರಷ್ಟು ಬಾಳಿಕೆ. ಆದರೆ ಅಂಕಿ ಅಚ್ಚು ಹಾಕುವುದು ಟೈರ್ ಕಂಪನಿಯೇ. ಈಗ ತಮಾಷೆ ಕೇಳಿ. ಬೀದಿ ಕಾರುಗಳ ವರ್ಗದಲ್ಲಿ ಓಡಬೇಕಾದರೆ ಟೈರ್ ಮೇಲೆ ಕನಿಷ್ಠ 200 ಇರಬೇಕು ಅಂತ ಎಸ್‌ಸಿಸಿಎ ನಿಯಮ ಮಾಡಿತು. ಬೇಗ ಸವೆಯುವ, ತೀರಾ ಅಂಟುವ ಟೈರ್ ಬರಬಾರದು ಅಂತ. ಕಂಪನಿಗಳು ಏನು ಮಾಡಿದವು? ಸರಿಯಾಗಿ 200 ಅಂತ ಅಚ್ಚು ಹಾಕಿ, ಗೋಂದಿನ ಹಾಗೆ ಅಂಟುವ ಟೈರನ್ನೇ ತಂದವು. ಒಂದೇ 200 ಇರುವ ಎರಡು ಟೈರಿನ ನಡುವೆ ಅಜಗಜಾಂತರ. ಅಂಕಿ ಓದಿ ಆರಿಸಬಹುದು ಅನ್ನುವವರಿಗೆ ನನ್ನ ಪ್ರಶ್ನೆ ಅದೇ. ಹಳೇ ಟೈರ್ ಮತ್ತೆ ಹಾಕಿ ನೋಡಿದ್ರಾ?

ಗಾಳಿ ವಿಷಯಕ್ಕೆ ಬರೋಣ. ದುಡ್ಡಿಲ್ಲದೆ ಸಿಗುವ ಸೆಕೆಂಡು ಇಲ್ಲೇ ಇರುವುದು. ಸೀಮೆಸುಣ್ಣ ತಗೊಳ್ಳಿ. ಟೈರಿನ ನೆಲ ಮುಟ್ಟುವ ಭಾಗ ಮುಗಿದು ಸೈಡ್‌ವಾಲ್ ಶುರುವಾಗುವ ಅಂಚಿದೆಯಲ್ಲ, ಅಲ್ಲಿ ಎರಡು ಬೆರಳಗಲ ಅಡ್ಡ ಬಳಿಯಿರಿ. ಒಂದೇ ಕಡೆ ಸಾಲದು, ಸುತ್ತ ಮೂರು ಕಡೆ. ಒಂದು ಓಟ ಮುಗಿಸಿ ಬಂದು ಬಗ್ಗಿ ನೋಡಿ. ಸುಣ್ಣ ಎಲ್ಲಿಯವರೆಗೆ ಅಳಿಸಿದೆಯೋ ಅಲ್ಲಿಯವರೆಗೆ ಟೈರ್ ಮಗುಚಿದೆ. ತುಂಬಾ ಟೈರುಗಳಲ್ಲಿ ಆ ಅಂಚಿನ ಹತ್ತಿರ ಸಣ್ಣ ತ್ರಿಕೋನದ ಗುರುತಿರುತ್ತದೆ. ಸುಣ್ಣ ಅದರ ತುದಿಯ ಹತ್ತಿರ ನಿಂತರೆ ಸರಿ. ದಾಟಿ ಸೈಡ್‌ವಾಲ್ ಮೇಲಿನ ಅಕ್ಷರಗಳ ತನಕ ಅಳಿಸಿದ್ದರೆ ಗಾಳಿ ಕಮ್ಮಿ. ಮುಟ್ಟೇ ಇಲ್ಲ ಅಂದರೆ ಜಾಸ್ತಿ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ನಮ್ಮ ಸಣ್ಣ ಕಾರುಗಳಲ್ಲಿ ತಿರುವಿನಲ್ಲಿ ಹೆಚ್ಚಿನ ಭಾರ ಮುಂದಿನ ಹೊರಗಿನ ಟೈರ್ ಮೇಲೇ ಬೀಳುವುದರಿಂದ ಮೊದಲು ಅದನ್ನೇ ನೋಡಿ. ಎರಡೆರಡು ಪಿಎಸ್‌ಐ ಬದಲಿಸುತ್ತಾ, ಬರೆಯುತ್ತಾ ಹೋಗಿ. ಸೈಡ್‌ವಾಲ್ ಮೇಲೆ ಬರೆದಿರುವ ಗರಿಷ್ಠ ಮಾತ್ರ ದಾಟಬೇಡಿ.

ಮತ್ತೆ ಬಿಸಿಲು. ಟೈರಿನೊಳಗಿನ ಗಾಳಿ ಐದಾರು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ಹಾಕಿದ ಗಾಳಿ ಮಧ್ಯಾಹ್ನ 34ರಲ್ಲಿ ಓಡದೇ ಎರಡೂವರೆ ಪಿಎಸ್‌ಐ ಏರಿರುತ್ತದೆ. ಕಾರಿನ ಒಂದು ಪಕ್ಕ ಮಾತ್ರ ಬಿಸಿಲಿಗೆ ನಿಂತಿದ್ದರೆ ಎಡ ಬಲಕ್ಕೇ ವ್ಯತ್ಯಾಸ. ಟೈರನ್ನು ದೂರಿ ಏನು ಪ್ರಯೋಜನ? "ನೈಟ್ರೋಜನ್ ಹಾಕಿಸಿದರೆ ಸರಿಹೋಗುತ್ತಾ ಸರ್?" ಅಂತ ಕೇಳುತ್ತಾರೆ. ನೀವು ಉಸಿರಾಡುತ್ತಿರುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್. ನಮ್ಮ ಅಂಗಡಿಯಲ್ಲೂ ಹಾಕುತ್ತೇವೆ, ದುಡ್ಡೂ ತಗೊಳ್ಳುತ್ತೇವೆ. ಆದರೆ ಬಿಸಿಯಾದರೆ ಅದೂ ಏರುತ್ತದೆ.

ಇನ್ನೊಂದು ಪರೀಕ್ಷೆ ಹೇಳಬೇಕು, ಇದು ನಿಮ್ಮಂಥವರಿಗೇ ಇರುವುದು. ಹಗ್ಗ, ಗೂಟ, ಸುಣ್ಣದ ಪುಡಿ ತಗೊಂಡು 15 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ಕಾರಿನ ಮಧ್ಯಭಾಗ ಆ ಗೆರೆಯ ಮೇಲೇ ಇರುವ ಹಾಗೆ, ಜಾರುವ ಅಂಚಿಗೆ ತಂದು ಸುತ್ತಿ. ಒಂದು ಸುತ್ತಿಗೆ 8.5 ಸೆಕೆಂಡ್ ಬಂದರೆ ಹಿಡಿತ ಸುಮಾರು 0.84 ಜಿ, ಅಂದರೆ ಗುರುತ್ವಾಕರ್ಷಣೆಯ 0.84ರಷ್ಟು. 8.3 ಬಂದರೆ 0.88. ಸೂತ್ರ ನಿಮ್ಮ ಪಿಯುಸಿ ಪುಸ್ತಕದಲ್ಲೇ ಇದೆ, ವೃತ್ತ ಚಲನೆಯ ಪಾಠ. ಎಡಕ್ಕೂ ಬಲಕ್ಕೂ ಸುತ್ತಬೇಕು. ಇಲ್ಲಿ ಕೋನ್ ನೆನಪಿಡುವ ಕೆಲಸ ಇಲ್ಲ, ಹಾಗಾಗಿ ಓಡಿಸುವವನ ಜಾಣತನ ಕಡಿಮೆ ಸೇರುತ್ತದೆ. ಇಲ್ಲೂ ಹೊಸದು ಆದ ಮೇಲೆ ಹಳೆಯದು ಮತ್ತೆ. ನಗಬೇಡಿ, ಇದನ್ನು ಹೇಳಿ ಹೇಳಿ ಅಂಗಡಿಯಲ್ಲಿ ನನಗೆ ಅಡ್ಡಹೆಸರೇ ಬಿದ್ದಿದೆ.

ಚೀಟಿ ಬಂತು. ಹತ್ತು ನಿಮಿಷ ಅಂತೆ. ಮಣ್ಣಿನ ಟ್ರ್ಯಾಕ್ ಬಗ್ಗೆ ದೊಡ್ಡದಾಗಿ ಹೇಳಬೇಕು ಅಂತಿದ್ದೆ. ಚಿಕ್ಕದಾಗಿ ಹೇಳುತ್ತೇನೆ. ನಮ್ಮ ಕಡೆಯ ಗರಸು ಮಣ್ಣಿನಲ್ಲಿ ಈವರೆಗೆ ಹೇಳಿದ ಅರ್ಧ ಲೆಕ್ಕ ತಲೆಕೆಳಗು. ಅಗಲ ಟೈರ್ ಸಡಿಲ ಮಣ್ಣಿನ ಮೇಲೆ ತೇಲುತ್ತದೆ. ಕಿರಿದಾದ, ಬಿಡಿಬಿಡಿ ಗಟ್ಟಿ ಬ್ಲಾಕ್ ಇರುವ ಟೈರ್ ಕೆಳಗಿನ ಗಟ್ಟಿ ನೆಲ ಹುಡುಕಿಕೊಳ್ಳುತ್ತದೆ. ಡಾಂಬರಿನ ಸ್ಪೋರ್ಟ್ಸ್ ಟೈರ್ ಅಲ್ಲಿಗೆ ತರಬೇಡಿ. ಗಾಳಿ ತೀರಾ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಬರುತ್ತದೆ.

ಓಟ ಇರುವುದು ಒಂದು ನಿಮಿಷ. ಅಷ್ಟರಲ್ಲಿ ರೇಸ್ ಟ್ರ್ಯಾಕಿನ ಟೈರ್ ಬಿಸಿಯೇ ಆಗಿರುವುದಿಲ್ಲ. ತಣ್ಣಗಿರುವಾಗಲೇ ಹಿಡಿಯುವ ಟೈರ್ ಬೇಕು. ಒಂದೇ ಕಾರಿನಲ್ಲಿ ಇಬ್ಬರು ಓಡಿಸಿದರೆ ಉಲ್ಟಾ, ಟೈರ್ ಕಾದು ಜಾರುತ್ತದೆ, ನೀರು ಚಿಮುಕಿಸಿ. ಅಲೈನ್‌ಮೆಂಟ್ ಟೈರ್ ಕೊಳ್ಳುವ ಮೊದಲು ಮಾಡಿಸಿ, ಆಮೇಲಲ್ಲ. ಚಕ್ರ ಬದಲಿಸಿದ ಮೇಲೆ ಒಂದು ಓಟ ಆದ ತಕ್ಷಣ ನಟ್ಟುಗಳನ್ನು ಟಾರ್ಕ್ ಸ್ಪ್ಯಾನರ್ ಹಾಕಿ ಮತ್ತೆ ನೋಡಿ. ಹೆಲ್ಮೆಟ್ ಬಗ್ಗೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಒಂದು ಪ್ರಶ್ನೆ ತಗೋಬಹುದಾ? ಹೇಳಮ್ಮ, ನೀನೇ, ಎರಡನೇ ಸಾಲು. "ಅಪ್ಪನ ಹಳೇ ಆಲ್ಟೊ 800, ಎಂಟು ಸಾವಿರ ರೂಪಾಯಿ ಇದೆ, ಯಾವ ಟೈರ್ ಹಾಕಿಸಲಿ?" ಏನೂ ಹಾಕಿಸಬೇಡಮ್ಮ. ಅದರದು 145/80 ಆರ್12. ಆ ಅಳತೆಗೆ ಸ್ಪೋರ್ಟ್ಸ್ ಟೈರ್ ಸಿಗುವುದೇ ಕಷ್ಟ. ಇರುವ ಟೈರಿನ ತಯಾರಿ ವಾರ ನೋಡು, ಟ್ರೆಡ್ ಸವೆತದ ಗುರುತಿಗಿಂತ ಮೇಲಿದೆಯಾ ನೋಡು. ಎರಡೂ ಸರಿ ಇದ್ದರೆ ಅದೇ ಟೈರ್. ಎಂಟು ಸಾವಿರವನ್ನು ಎಂಟ್ರಿ ಫೀಸಿಗೆ, ಪೆಟ್ರೋಲಿಗೆ ಇಟ್ಟುಕೋ. ಒಂದು ಒಳ್ಳೇ ಗಾಳಿ ಗೇಜ್ ಕೊಂಡುಕೋ. ಸೀಮೆಸುಣ್ಣ ಕಾಲೇಜಿನಲ್ಲೇ ಸಿಗುತ್ತದೆ. ಮತ್ತೆ ಓಡಿಸುವ ದಿನ ಡಿಕ್ಕಿಯಲ್ಲಿರುವ ಜಾಕ್, ಸ್ಟೆಪ್ನಿ, ಅಪ್ಪ ಇಟ್ಟಿರುವ ತೆಂಗಿನಕಾಯಿ ಮೂಟೆ ಎಲ್ಲ ಕೆಳಗಿಳಿಸು.