ನೂಲು, ಬಳೆ ಚೂರು, ಟೂ ಏಟ್

ನಮಸ್ಕಾರ ಎಲ್ಲರಿಗೂ. ಚಿಕ್ಕಪೇಟೆ ಮೆಟ್ರೋ ಸ್ಟೇಷನ್‌ನಿಂದ ನಡೆದುಕೊಂಡು ಬಳೇಪೇಟೆಗೆ ಬಂದಿದ್ದೇನೆ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಹಳೇ ಪೇಟೆಯ ಭಾಗ ಇದು. ಹೆಸರು ಬಂದಿದ್ದೇ ಬಳೆ ವ್ಯಾಪಾರದಿಂದ. ಈಗ ಇಲ್ಲಿ ವೀಣೆ, ಹಾರ್ಮೋನಿಯಂ ಅಂಗಡಿಗಳೂ ಕಾಣಿಸುತ್ತವೆ, ನೋಡ್ತಾ ಹೋಗಿ.

ಭಾನುವಾರ ಅಕ್ಕನ ಸೀಮಂತ. ಹಸಿರು ಗಾಜಿನ ಬಳೆ ಬೇಕು. ಅವಳು ಯಲಹಂಕದಲ್ಲಿದ್ದಾಳೆ, ಈ ಜನಜಂಗುಳಿಗೆ ಅವಳನ್ನು ಕರೆತರುವ ಹಾಗಿಲ್ಲ. ಅಜ್ಜಿಗೂ ಒಂದು ಡಜನ್ ಬೇಕು, ಅವರಿಗೆ ಮೆಟ್ಟಿಲು ಹತ್ತೋಕೆ ಆಗಲ್ಲ. ಹಾಗಾಗಿ ಕೈಗಳು ಮನೆಯಲ್ಲೇ ಇವೆ, ಅಳತೆ ಮಾತ್ರ ನನ್ನ ಪರ್ಸಿನಲ್ಲಿದೆ. ಅಕ್ಕನದು ಒಂದು ನೂಲು. ಅಜ್ಜಿಯದು ಒಂದು ಬಳೆ ಚೂರು.

ಮೊದಲು ನೂಲಿನ ಕಥೆ. ಬಳೆಗೆ ಮಣಿಕಟ್ಟು ಅಳೆದರೆ ಪ್ರಯೋಜನ ಇಲ್ಲ. ಗಾಜು ಹಿಗ್ಗಲ್ಲ, ಬಳೆ ದಾಟಬೇಕಾಗಿರುವುದು ಗೆಣ್ಣುಗಳನ್ನು. ಹೆಬ್ಬೆರಳನ್ನು ಕಿರುಬೆರಳ ಕಡೆಗೆ ಮಡಿಸಿ, ಅಂಗೈ ಅತಿ ಅಗಲವಾಗಿರುವ ಕಡೆ ನೂಲು ಸುತ್ತಬೇಕು. ಆ ಉದ್ದವೇ ಸುತ್ತಳತೆ. ಅದನ್ನು ಪೈಯಿಂದ ಭಾಗಿಸಿದರೆ ವ್ಯಾಸ. ಫೋನ್ ತೆಗೆಯೋಕೆ ಬೇಜಾರಾದರೆ ಏಳರಿಂದ ಗುಣಿಸಿ ಇಪ್ಪತ್ತೆರಡರಿಂದ ಭಾಗಿಸಿ, ಬಳೆಗೆ ಅಷ್ಟು ಸಾಕು.

ಯುಗಾದಿಗೆ ನಾನು ಇಷ್ಟನ್ನೂ ಸರಿಯಾಗಿಯೇ ಮಾಡಿದ್ದೆ. ಅಕ್ಕನ ನೂಲು ಆಗ 19 ಸೆಂಟಿಮೀಟರ್. ವ್ಯಾಸ 60.5 ಮಿಲಿಮೀಟರ್, ಇಂಚಿನಲ್ಲಿ ಹತ್ತಿರಹತ್ತಿರ 2.4. ಆನ್‌ಲೈನ್‌ನಲ್ಲಿ 2.4 ಅಂತಲೇ ಸೈಜ್ ಇತ್ತು, ತರಿಸಿಬಿಟ್ಟೆ. ಹಬ್ಬದ ಬೆಳಗ್ಗೆ ಸೋಪು ಹಚ್ಚಿ ಒತ್ತಿ ಒತ್ತಿ ಹಾಕುವಾಗ ಮೂರು ಬಳೆ ಒಡೆದವು. ಅಕ್ಕನ ಹೆಬ್ಬೆರಳ ಬುಡ ತರಚಿ ರಕ್ತ ಬಂತು. ಅವಳು ಏನೂ ಅನ್ನಲಿಲ್ಲ. ನನಗೆ ಆ ದಿನವೆಲ್ಲ ಸಂಕಟ.

ತಪ್ಪಾಗಿದ್ದು ಎಲ್ಲಿ ಅಂದ್ರೆ, ಬಳೆ ಅಂಗಡಿಯ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ. ಟೂ ಫೋರ್ ಅಂದರೆ ಎರಡು ಇಂಚು, ಮೇಲೆ ಇಂಚಿನ ಹದಿನಾರು ಪಾಲಿನಲ್ಲಿ ನಾಲ್ಕು ಪಾಲು. ಅಂದರೆ ಎರಡೂಕಾಲು ಇಂಚು, 57 ಮಿಲಿಮೀಟರ್ ಚಿಲ್ಲರೆ. ಅಕ್ಕನಿಗೆ ಆಗ ಬೇಕಿದ್ದದ್ದು ಟೂ ಸಿಕ್ಸ್, 60.3 ಮಿಲಿಮೀಟರ್. ಟೂ ಏಟ್ ಎರಡೂವರೆ ಇಂಚು. ಟೂ ಟೆನ್ ಅದಕ್ಕಿಂತ ದೊಡ್ಡದು. 2.10 ಅಂತ ಬರೆದಿರುವುದನ್ನು ನೋಡಿ ಟೂ ಫೋರ್‌ಗಿಂತ ಚಿಕ್ಕದು ಅಂದುಕೊಳ್ಳಬೇಡಿ. ಆನ್‌ಲೈನ್‌ನಲ್ಲಿ ತರಿಸುವವರು ಇದೊಂದನ್ನು ದಯವಿಟ್ಟು ನೆನಪಿಡಿ.

ಆಮೇಲೆ ಕೂತು ಲೆಕ್ಕ ಹಾಕಿದಾಗ ಒಂದು ಸೊಗಸಾದ ವಿಷಯ ಸಿಕ್ಕಿತು. ಒಂದು ಸೈಜಿಗೂ ಮುಂದಿನ ಸೈಜಿಗೂ ವ್ಯಾಸದಲ್ಲಿ ಅರ್ಧಪಾವು ಇಂಚು ವ್ಯತ್ಯಾಸ, ಅಂದರೆ ಎಂಟರಲ್ಲಿ ಒಂದು ಪಾಲು. ಅದಕ್ಕೆ ಪೈ ಗುಣಿಸಿದರೆ ಸುತ್ತಳತೆಯಲ್ಲಿ 9.97 ಮಿಲಿಮೀಟರ್. ಒಂದು ಸೆಂಟಿಮೀಟರ್ ಅಂತಲೇ ಇಟ್ಟುಕೊಳ್ಳಿ! ನೂಲು 18 ಬಂದರೆ ಟೂ ಫೋರ್, 19ಕ್ಕೆ ಟೂ ಸಿಕ್ಸ್, 20ಕ್ಕೆ ಟೂ ಏಟ್, 21ಕ್ಕೆ ಟೂ ಟೆನ್. ಭಾಗಾಕಾರವೇ ಬೇಡ. ಎಷ್ಟು ಖುಷಿಯಾಯಿತು ಗೊತ್ತಾ!

ಈ ಸಲ ಅಕ್ಕನ ಕೈ ಊದಿದೆ, ಏಳು ತಿಂಗಳು ಅಲ್ವಾ. ಸಂಜೆ ಊತ ಜಾಸ್ತಿ ಅಂತ ಸಂಜೆಯೇ ಅಳೆದೆ. ಸರಿಯಾಗಿ 20.

ಇನ್ನು ಅಜ್ಜಿ. ಅವರ ಗೆಣ್ಣು ನೋವು, ಕೈ ಮಡಿಸಿ ನೂಲು ಸುತ್ತೋಕೆ ಬಿಡಲಿಲ್ಲ. "ಇದನ್ನೇ ತೋರಿಸು ಪುಟ್ಟಿ, ಅವರಿಗೆ ಗೊತ್ತಾಗುತ್ತೆ" ಅಂತ ಒಡೆದ ಬಳೆಯ ಒಂದು ಚೂರು ಕೊಟ್ಟರು. ಪೂರ್ತಿ ಬಳೆಯ ಕಾಲು ಭಾಗವೂ ಇಲ್ಲ. ಸುತ್ತಳತೆ ಇಲ್ಲ, ಮಧ್ಯಬಿಂದು ಇಲ್ಲ. ಆದರೂ ವ್ಯಾಸ ಅದರೊಳಗೇ ಇದೆ.

ಇಲ್ಲಿ ನೋಡಿ, ಗ್ರಾಫ್ ಹಾಳೆ ಮೇಲೆ ಚೂರನ್ನು ಇಟ್ಟು, ಒಳಗಿನ ಅಂಚಿನ ಉದ್ದಕ್ಕೂ ಚೂಪು ಪೆನ್ಸಿಲ್ ಓಡಿಸಿದೆ. ಹೊರಗಿನ ಅಂಚು ಹಿಡಿದರೆ ಗಾಜಿನ ದಪ್ಪವೂ ಸೇರಿಬಿಡುತ್ತದೆ. ಎರಡು ತುದಿ ಸೇರಿಸಿ ಗೆರೆ ಎಳೆದರೆ ಜ್ಯಾ, ಬಿಲ್ಲಿನ ಹೆದೆ ಇದ್ದ ಹಾಗೆ. ಅದರ ನಡುವಿನಿಂದ ಬಿಲ್ಲಿನವರೆಗಿನ ಎತ್ತರ ಶರ, ಅಂದರೆ ಬಾಣ. ಹೆದೆ 40 ಮಿಲಿಮೀಟರ್, ಬಾಣ 7.1.

499ರ ಹೊತ್ತಿಗೇ ಆರ್ಯಭಟ ಇದಕ್ಕೆ ದಾರಿ ಹೇಳಿಟ್ಟಿದ್ದಾರೆ. ಹೆದೆಯ ಈ ಕಡೆ ಒಂದು ಬಾಣ, ಆ ಕಡೆ ವೃತ್ತದ ಉಳಿದ ಭಾಗದಲ್ಲಿ ಇನ್ನೊಂದು ಬಾಣ. ಎರಡನ್ನೂ ಗುಣಿಸಿದರೆ ಅರ್ಧ ಹೆದೆಯ ವರ್ಗ. ಅರ್ಧ ಹೆದೆ 20, ವರ್ಗ 400. ಅದನ್ನು 7.1ರಿಂದ ಭಾಗಿಸಿದರೆ 56.3. ಅದು ಒಡೆದು ಕಳೆದುಹೋದ ಕಡೆಯ ಬಾಣ. ಅದಕ್ಕೆ ಕೈಯಲ್ಲಿರುವ 7.1 ಸೇರಿಸಿ: 63.4. ಎರಡೂವರೆ ಇಂಚು 63.5. ಟೂ ಏಟ್!

ಬಾಣವನ್ನು ಮಾತ್ರ ತುಂಬ ಜೋಪಾನವಾಗಿ ಅಳೆಯಿರಿ. ಮೊದಲ ಸಲ ನನಗೆ ಆರೂವರೆ ಅನ್ನಿಸಿತ್ತು. ಅದರ ಪ್ರಕಾರ ವ್ಯಾಸ 68, ಟೂ ಟೆನ್‌ಗಿಂತಲೂ ದೊಡ್ಡದು. ಅರ್ಧ ಮಿಲಿಮೀಟರ್ ಸದ್ದಿಲ್ಲದೆ ಒಂದು ಸೈಜನ್ನೇ ದಾಟಿಸಿಬಿಡುತ್ತದೆ. ಪೆನ್ಸಿಲ್ ಕೆತ್ತಿ ಮೂರು ಸಲ ಬರೆದ ಮೇಲೆ 7.1 ಗಟ್ಟಿಯಾಯಿತು. ಚೂರು ಉದ್ದವಿದ್ದಷ್ಟೂ ಒಳ್ಳೆಯದು.

ಅಂಗಡಿಯಲ್ಲಿ ಕೇಳಿದೆ, "ಅಣ್ಣಾ, ಟೂ ಏಟ್, ಹಸಿರು ಗಾಜು, ಮೂರು ಡಜನ್." ಅವರು ಒಂದು ಬಳೆ ಬಿಚ್ಚಿ ಕೊಟ್ಟರು. ಅದರ ಮೇಲೆ ಅಜ್ಜಿಯ ಚೂರು ಇಟ್ಟೆ. ಒಳಂಚಿಗೆ ಒಳಂಚು ಕೂತಿತು. ಬೆಳಕಿಗೆ ಹಿಡಿದು ತಿರುಗಿಸಿದೆ, ಎಲ್ಲೂ ಸಂದಿ ಕಾಣಲಿಲ್ಲ. ಅಂಗಡಿಯವರು ಚೂರನ್ನೂ ಕಾಗದದಲ್ಲಿ ಸುತ್ತಿ ಬಳೆಯ ಜೊತೆಗೇ ಇಟ್ಟುಕೊಟ್ಟರು.

ಇದು ಭಾನುವಾರ. ಅಕ್ಕನ ಕೈ ನೋಡಿ. ಗೆಣ್ಣಿನ ಹತ್ತಿರ ಒಂದು ಕ್ಷಣ ನಿಂತು, ಬಳೆ ಒಳಗೆ ಜಾರಿತು. ಸೋಪು ಬೇಕಾಗಲಿಲ್ಲ.